ಲಂಗರಿನ ಮಟ್ಟಿಗೆ ಬಿಟ್ಟ ಆಣೆ

ನನ್ನ ಹೆಂಡತಿಗೆ ಈಸು ಬರುತ್ತದೆ, ನನಗೆ ಬರುವುದಿಲ್ಲ. ಆದರೂ ನೀರಿನ ವಿಷಯದಲ್ಲಿ ಇಪ್ಪತ್ತೈದು ವರ್ಷ ನಮ್ಮ ಮನೆಯಲ್ಲಿ ನಡೆದದ್ದು ನನ್ನ ಮಾತೇ.

ಅದು ಹೇಗೆಂದು ಮೊದಲೇ ಹೇಳಿಬಿಡಬೇಕು. ಅವಳು ತಿಕೋಟಾದವಳು. ಅವರ ದ್ರಾಕ್ಷಿ ತೋಟದಲ್ಲಿ ಕಲ್ಲು ಕಟ್ಟಿದ ದೊಡ್ಡ ಬಾವಿ. ಆರನೇ ವರ್ಷಕ್ಕೆ ಬೆನ್ನಿಗೆ ಕತ್ತಾಳೆಯ ಬೆಂಡು ಕಟ್ಟಿಕೊಂಡು ಆ ಬಾವಿಗೆ ಬಿದ್ದವಳು, ಏಳಕ್ಕೆ ಬೆಂಡು ಬಿಚ್ಚಿ ದಂಡೆಗೆ ಎಸೆದವಳು. ಮದುವೆಯಾದ ಮೊದಲ ಬೇಸಿಗೆಗೆ ನಾನು ಅಳಿಯನಾಗಿ ಅಲ್ಲಿಗೆ ಹೋದಾಗ, ಹೊಸ ಗಂಡನಿಗೆ ತನ್ನ ಕಸುಬು ತೋರಿಸಬೇಕೆಂದು ಮೇಲಿನ ಕಲ್ಲಿನಿಂದ ಜಿಗಿದಳು. ಜಿಗಿದವಳು ಮೇಲೆ ಬರಲಿಲ್ಲ. ನಾನು ಒದರಿದ ರೀತಿಗೆ ಒಣದ್ರಾಕ್ಷಿ ಶೆಡ್ಡಿನಲ್ಲಿದ್ದ ಆಳುಗಳೆಲ್ಲ ಕೆಲಸ ಬಿಟ್ಟು ಓಡಿ ಬಂದರು, ಮಾವ ಎತ್ತಿನ ಹಗ್ಗ ಹಿಡಿದುಕೊಂಡೇ ಬಂದರು. ಅಷ್ಟರಲ್ಲಿ ಅವಳು ನೀರೊಳಗಿಂದಲೇ ಆಚೆ ದಂಡೆಗೆ ಹೋಗಿ, ನನ್ನ ಬೆನ್ನ ಹಿಂದಿನ ಮೆಟ್ಟಿಲ ಮೇಲೆ ಕೂತು ಕೂದಲು ಹಿಂಡುತ್ತಿದ್ದಳು. ಎಲ್ಲರೂ ನಕ್ಕರು. ನಾನೊಬ್ಬ ನಗಲಿಲ್ಲ.

ಅವತ್ತು ಸಂಜೆ ಅವಳ ಕೈಯನ್ನು ನನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿದೆ: ಇನ್ನು ಮುಂದೆ ನೀರಿಗೆ ಇಳಿಯುವುದಿಲ್ಲ. ನಮ್ಮ ಕಡೆ ಆಣೆಯ ಕಾನೂನು ಸರಳ. ಮುರಿದರೆ ಕೆಡುಕು ತಟ್ಟುವುದು ಮುರಿದವರಿಗಲ್ಲ, ಯಾರ ತಲೆ ಮುಟ್ಟಿದ್ದರೋ ಅವರಿಗೆ. ಬಿಡಿಸಬೇಕೆಂದರೆ ಹಾಕಿಸಿದವರೇ ಬಾಯಿಬಿಟ್ಟು 'ಬಿಟ್ಟೀನಿ' ಅನ್ನಬೇಕು. ಒಂದು ವಾರಕ್ಕೆ ಈ ಹುಚ್ಚು ಇಳಿಯುತ್ತದೆ ಎಂದು ಅವಳು ತಿಳಿದಿದ್ದಳಂತೆ. ನಿಜ ಹೇಳಬೇಕೆಂದರೆ ನಾನೂ ಹಾಗೇ ತಿಳಿದಿದ್ದೆ. ಆದರೆ ಮಗಳು ಹೊಟ್ಟೆಯಲ್ಲಿದ್ದಾಗ ಬೇಡ, ಮಗಳು ಸಣ್ಣವಳಿದ್ದಾಗ ಬೇಡ, ಮಗಳ ಲಗ್ನವಾದ ಮೇಲೆ ಈ ವಯಸ್ಸಿನಲ್ಲಿ ಯಾಕೆ ಎಂದು ದಿನ ಹೋದವು. ಕೃಷ್ಣೆಯ ದಂಡೆಗೆ ಹೋದರೂ ಅವಳು ಮೆಟ್ಟಿಲ ಮೇಲೆ ಕೂತು ಚೊಂಬಿನಿಂದ ತಲೆಗೆ ನೀರು ಹೊಯ್ದುಕೊಂಡು ಏಳುತ್ತಿದ್ದಳು. ನನ್ನ ಆಯುಷ್ಯ ಅವಳ ಕೈಯಲ್ಲಿತ್ತಲ್ಲ.

ತಿಕೋಟಾದ ಆ ಬಾವಿಗೆ ಕಬ್ಬಿಣದ ಜಾಳಿ ಹಾಕಿಸಿದ್ದೂ ನಾನೇ. ಯಾರಾದರೂ ಬಿದ್ದಾರು ಎಂದು ಬಾಮೈದನಿಗೆ ಹೇಳಿ ಹೇಳಿ ಹಾಕಿಸಿ, ಬೀಗ ತೂಗಿಸಿ, ಒಂದು ಬೀಗದ ಕೈ ಅವನಿಗೆ ಕೊಟ್ಟು ಇನ್ನೊಂದನ್ನು ನನ್ನ ಅಂಗಡಿಯ ಬೀಗದ ಕೈಗಳ ಜೊತೆ ಇಟ್ಟುಕೊಂಡಿದ್ದೆ. ಹೊಳೆಯ ನೀರು ತಂದು ಊರ ಕೆರೆ ತುಂಬಿಸಿದ ಮೇಲೆ, ನಡುವೆ ಬತ್ತಿದ್ದ ಆ ಬಾವಿಗೆ ಮತ್ತೆ ನೀರು ಬಂದಿದೆ ಎಂಬ ಸುದ್ದಿ ಬಂದಾಗ ನಾನು ಮೊದಲು ಮುಟ್ಟಿ ನೋಡಿಕೊಂಡದ್ದು ಆ ಕೀಲಿಕೈಯನ್ನು.

ಈ ಸಲ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಏನು ಬೇಕು ಎಂದು ಕೇಳಿದೆ. ಇಳಕಲ್ ಸೀರೆ ಅನ್ನುತ್ತಾಳೆಂದು ಲೆಕ್ಕ ಹಾಕಿದ್ದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ, "ಒಮ್ಮೆ ಸಮುದ್ರದಾಗ ಈಸಬೇಕ್ರಿ" ಅಂದಳು.

ಒಂದು ವಾರ ಮಾತುಕತೆ ನಡೆಯಿತು. ಕಡೆಗೆ ಸಮುದ್ರಕ್ಕೆ ಹೋಗುವುದು ಸೈ, ನೀರಿಗೆ ಇಳಿಯುವುದು ಮಾತ್ರ ಮೊಣಕಾಲ ಮಟ ಎಂದು ಒಪ್ಪಂದವಾಯಿತು. ಒಪ್ಪಂದ ಎಂದರೆ ನಾನು ಹೇಳಿದೆ, ಅವಳು ಮುಂದಿನ ರೊಟ್ಟಿ ಬಡಿದಳು. ಬಬಲೇಶ್ವರದಲ್ಲಿರುವ ನನ್ನ ಅಕ್ಕನಿಗೆ ಸುದ್ದಿ ಮುಟ್ಟಿತು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ಎತ್ತಿದ ಋಣವನ್ನು ನನ್ನ ಕಾಲೆಳೆದು ತೀರಿಸಿಕೊಳ್ಳುತ್ತಾಳೆ. ತಾನೂ ಬರುತ್ತೇನೆಂದಳು. ನೀನು ಸಮುದ್ರಕ್ಕೆ ಏನೇನು ಬುದ್ಧಿ ಹೇಳುತ್ತೀ ಎಂದು ನೋಡಬೇಕಂತೆ.

ಹೊರಡುವ ಮುಂಚೆ ಚೀಲಗಳನ್ನು ನಾನು ಮೂರು ಸಲ ತಪಾಸಣೆ ಮಾಡಿದೆ. ಹೆಂಡತಿಯ ಚೀಲದ ತಳದಲ್ಲಿ ಹೊಸದಾಗಿ ಹೊಲಿಸಿದ ಒಂದು ಚೂಡಿದಾರ ಸಿಕ್ಕಿತು. ಅವಳು ಸೀರೆ ಬಿಟ್ಟು ಬೇರೆ ಉಟ್ಟದ್ದನ್ನು ನಾನು ಕಂಡವನಲ್ಲ. ಮೊಣಕಾಲ ಮಟ ನಿಲ್ಲಲು ಚೂಡಿದಾರ ಬೇಕಿಲ್ಲ ಎಂಬುದು ನನಗೂ ಗೊತ್ತಾಯಿತು. ಮಡಿಕೆ ಕೆಡದಂತೆ ಇದ್ದಲ್ಲೇ ಇಟ್ಟೆ, ಕೇಳಲಿಲ್ಲ.

ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಕಾರವಾರದ ಕಡೆ ಒಂದು ಲಾಡ್ಜಿನಲ್ಲಿ ಉಳಿದು, ಮರುದಿನ ಬೆಳಿಗ್ಗೆ ಆರೂವರೆಗೆ ಬಂದರಿನಲ್ಲಿ ಸಣ್ಣದೊಂದು ಯಂತ್ರದ ದೋಣಿ ಹತ್ತಿದೆವು. ದೋಣಿಯವನು ನನ್ನದೇ ವಯಸ್ಸಿನ ಮನುಷ್ಯ, ಮಾತು ಕಡಿಮೆ. ಗುಡ್ಡ ಸುತ್ತಿ ಆಚೆ ಹೋದರೆ ಜನ ಬಾರದ ಒಂದು ಮರಳದಂಡೆ ಇದೆ, ಅಲ್ಲಿ ಇಳಿಸುತ್ತೇನೆ ಅಂದ. ಮೂವರಿಗೂ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ಕೊಟ್ಟ. ನಾನು ಇನ್ನೊಂದು ಕೇಳಿದೆ. ಒಬ್ಬರಿಗೆ ಒಂದೇ ಅಂದ.

ದೋಣಿ ಬಂದರು ಬಿಟ್ಟ ಮೇಲಿನ ಅರ್ಧ ತಾಸಿನ ಬಗ್ಗೆ ನಾನು ಹೆಚ್ಚು ಬರೆಯಲಾರೆ, ಕಣ್ಣು ಮುಚ್ಚಿಕೊಂಡಿದ್ದೆ. ಅಕ್ಕ ಹೇಳಿದ ಪ್ರಕಾರ ಬಿಳಿ ಹಕ್ಕಿಗಳಿದ್ದವು, ಮೀನೊಂದು ನೀರಿನಿಂದ ಮೇಲೆ ಹಾರಿತು. ಹೆಂಡತಿ ಮುಂಭಾಗದಲ್ಲಿ ಕೂತು ಕೈಯನ್ನು ನೀರಿಗೆ ಇಳಿಬಿಟ್ಟಿದ್ದಳು. ಕೈಯ ವಿಷಯ ಒಪ್ಪಂದದಲ್ಲಿ ಬಂದಿರಲಿಲ್ಲ.

ಎರಡು ಗುಡ್ಡಗಳ ನಡುವೆ, ಅಂಗೈಯಷ್ಟು ಮರಳದಂಡೆ. ದೋಣಿಯವನು ನೀರಿನ ಕಡೆ ಲಂಗರು ಎಸೆದ. ನಾಲ್ಕು ಮುಳ್ಳಿನ ಸಣ್ಣ ಕಬ್ಬಿಣ, ಥೇಟ್ ನಮ್ಮ ಕಡೆ ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯ ಅಣ್ಣನಂತಿತ್ತು. ದೋಣಿಯ ಹಿಂಭಾಗದಿಂದ ಇನ್ನೊಂದು ಹಗ್ಗವನ್ನು ದಂಡೆಯ ಬಂಡೆಯೊಂದಕ್ಕೆ ಸುಮ್ಮನೆ ಸುತ್ತಿದ. ಮಳೆಗಾಲ ಬರುವುದರೊಳಗೆ ಅವನ ಅಕ್ಕನ ಮನೆಗೆ ಹೆಂಚು ಹೊದಿಸುವುದಿತ್ತು. ಮನೆ ಇದೇ ಗುಡ್ಡದ ಆಚೆ. ನೀವು ಮಧ್ಯಾಹ್ನದವರೆಗೆ ಇಲ್ಲಿ ಅಡ್ಡಾಡುತ್ತೀರಿ, ಅಷ್ಟರಲ್ಲಿ ಹೋಗಿ ಬರುತ್ತೇನೆ, ಆದರೆ ಹಗ್ಗ ನೋಡಿಕೊಳ್ಳಲು ಒಬ್ಬರು ಬೇಕು ಅಂದ.

ಇಲ್ಲಿ ನನ್ನ ಕಸುಬು ಅಡ್ಡ ಬಂತು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ನನ್ನದೊಂದು ಮೋಟಾರ್ ರಿಪೇರಿ ಅಂಗಡಿ. ಸುಟ್ಟ ಮೋಟಾರಿಗೆ ತಂತಿ ಸುತ್ತುವುದು, ಹೊಲಗಳಿಗೆ ಹೋಗಿ ಬೋರಿನಿಂದ ಮೋಟಾರ್ ಎತ್ತುವುದು, ಇಳಿಸುವುದು. ಆಳದ ಬೋರಿಗೆ ಮೋಟಾರ್ ಬಿಡುವಾಗ ಪೈಪಿನ ಜೊತೆ ಒಂದು ಹಗ್ಗವನ್ನೂ ಕಟ್ಟಿ ಬಿಡುತ್ತೇವೆ. ಪೈಪು ಕಳಚಿದರೂ ಹಗ್ಗ ಹಿಡಿದಿರಬೇಕು. ಆ ಗಂಟು ನಾನೇ ಹಾಕಬೇಕು, ಬೇರೆಯವರಿಗೆ ಬಿಡುವುದಿಲ್ಲ. ಎರಡು ಸುತ್ತು, ಒಂದು ಅಡ್ಡ, ಮತ್ತೆ ಎರಡು ಸುತ್ತು, ಕಡೆಗೆ ನೀರು ಚಿಮುಕಿಸಿ, ಕಾಲು ಊರಿ ಜಗ್ಗುವುದು. ಕನಮಡಿಯಿಂದ ನಿಡೋಣಿಯವರೆಗೆ ನಾನು ಕಟ್ಟಿದ ಮೋಟಾರ್ ಒಂದೂ ಬೋರಿನೊಳಗೆ ಬಿದ್ದಿಲ್ಲ. ಬಾಳಿನಲ್ಲಿ ಹೇಳಿಕೊಳ್ಳಲು ನನಗಿರುವುದು ಇದೊಂದೇ, ಅದಕ್ಕೇ ಎಲ್ಲಿ ಬೇಕಾದಲ್ಲಿ ಹೇಳುತ್ತೇನೆ. ಅಲ್ಲಿಯೂ ಹೇಳಿದೆ.

ದೋಣಿಯವನಿಗೆ ಸಮಾಧಾನವಾಯಿತು. "ಹಾಗಾದ್ರೆ ಒಳ್ಳೇದಾಯ್ತು. ನೀರು ಇಳೀತಾ ಅದೆ. ಅದು ಇಳಿದ ಹಾಗೆ ಈ ಹಗ್ಗ ಸಡ್ಲ ಬಿಡ್ತಾ ಹೋಗಿ, ದೋಣಿ ತಾನೇ ಆಳಕ್ಕೆ ಸರೀತದೆ. ಅಷ್ಟೇ" ಅಂದು ಗುಡ್ಡ ಹತ್ತಿದ.

ಅವನಾಡಿದ ಒಂದೊಂದು ಮಾತೂ ನನಗೆ ಕೇಳಿಸಿತು. ಮನಸ್ಸಿಗೆ ಇಳಿಯಲಿಲ್ಲ. ನಮ್ಮ ಕಡೆ ನೀರು ಇಳಿಯುವುದೆಂದರೆ ಸಂಕ್ರಾಂತಿಗೆ ಶುರುವಾಗಿ ಬೇಸಿಗೆ ಮುಗಿಯುವವರೆಗೆ ನಡೆಯುವ ವ್ಯವಹಾರ. ಮುಂಜಾನೆ ಇದ್ದ ನೀರು ಮಧ್ಯಾಹ್ನಕ್ಕೆ ಎಷ್ಟು ಇಳಿದೀತು, ಅದೂ ಇಷ್ಟು ದೊಡ್ಡ ಸಮುದ್ರದಲ್ಲಿ? ಬಹಳ ಅಂದರೆ ಒಂದು ಗೇಣು.

ಅವನು ಮರೆಯಾಗುತ್ತಲೇ ದೋಣಿ ಸಡಿಲ ಹಗ್ಗದಲ್ಲಿ ಓಲಾಡುತ್ತ ದೂರ ಸರಿಯಿತು. ಊರಿಗೆ ಹೋಗಲು ನಮಗಿದ್ದದ್ದು ಅದೊಂದೇ. ಸುತ್ತಿದ ಹಗ್ಗ ಬಿಚ್ಚಿಕೊಂಡರೆ ದೋಣಿ ಅರಬರ ನಾಡಿಗೆ ಹೋಗಿ ಮುಟ್ಟುತ್ತದೆ. ಜಗ್ಗಿದೆ. ಬರಲೊಲ್ಲೆ ಅಂದಿತು. ಬಂಡೆಗೆ ಕಾಲು ಕೊಟ್ಟು ಮತ್ತೆ ಜಗ್ಗಿದೆ. ಆಚೆ ಕಡೆ ಏನೋ ಕಿತ್ತು ಬಂದ ಹಾಗಾಗಿ ದೋಣಿ ಸಲೀಸಾಗಿ ಬಂತು. ಮೊಂಡುತನ ಬಿಟ್ಟಿತು ಎಂದುಕೊಂಡೆ. ಕಿತ್ತು ಬಂದದ್ದು ಲಂಗರು ಎಂದು ಆಮೇಲೆ ತಿಳಿಯಿತು. ದೋಣಿಯನ್ನು ದಂಡೆಗೆ ಮುಟ್ಟಿಸಿ, ಬಂಡೆಗೆ ಬೋರಿನ ಗಂಟು ಹಾಕಿದೆ. ಎರಡು ಸುತ್ತು, ಅಡ್ಡ, ಎರಡು ಸುತ್ತು. ಚಿಮುಕಿಸಲು ನೀರಿಗೇನೂ ಅಲ್ಲಿ ಬರವಿರಲಿಲ್ಲ.

ಆಮೇಲೆ ನಿಶ್ಚಿಂತೆಯಿಂದ ತಿರುಗಾಡಲು ಹೊರಟೆವು. ಹೆಂಡತಿ ಪೊದೆಯ ಮರೆಗೆ ಹೋಗಿ ಆ ಚೂಡಿದಾರ ಹಾಕಿಕೊಂಡು ಬಂದಳು. ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ, "ಚಂದ ಕಾಣಸ್ತಿ ಬೇ" ಅಂದಳು. ನಾನು ಜಾಕೆಟ್ ಬಿಚ್ಚಿರಲಿಲ್ಲ. ಗುಡ್ಡದ ಅರ್ಧ ಏರಿದ ಮೇಲೆ ಅಕ್ಕ ತಿರುಗಿ ನಿಂತು, "ಲೇ ತಮ್ಮಾ, ಇಲ್ಲಿ ಯಾವ ನೀರಾಗ ಮುಳಗಾಂವ ಅದಿ?" ಅಂತ ಕೇಳಿದಳು.

ಗೇರು ಮರಗಳ ಕೆಳಗೆ ಹಳದಿ ಹಣ್ಣು ಉದುರಿ ಬಿದ್ದು ಹುಳಿ ಹುಳಿ ವಾಸನೆ ಹಬ್ಬಿತ್ತು. ಗುಡ್ಡದ ಬುಡದಲ್ಲಿ, ಸಮುದ್ರಕ್ಕೆ ಮೂವತ್ತು ಹೆಜ್ಜೆಯೂ ಇಲ್ಲದ ಜಾಗದಲ್ಲಿ, ಬಂಡೆಯ ಸಂದಿನಿಂದ ಒಂದು ಬೆರಳಿನಷ್ಟು ನೀರು ಸುರಿಯುತ್ತಿತ್ತು. ಉಪ್ಪೇ ಇರುತ್ತದೆ ಎಂದು ನಾನು ತಡೆಯುವುದರೊಳಗೆ ಅಕ್ಕ ಬೊಗಸೆ ಒಡ್ಡಿ ಕುಡಿದಾಗಿತ್ತು. ಸಿಹಿ ನೀರು. ಅವಳು ಸ್ವಲ್ಪ ಹೊತ್ತು ಏನೂ ತಮಾಷೆ ಮಾಡದೆ ಆ ನೀರನ್ನೇ ನೋಡುತ್ತ ನಿಂತಳು. ಆಮೇಲೆ ಬಾಟಲಿ ತುಂಬಿಕೊಂಡಳು, ಬಬಲೇಶ್ವರದ ಮನೆಯಲ್ಲಿ ಎಲ್ಲರಿಗೂ ಒಂದೊಂದು ಗುಟುಕು ಕೊಡಬೇಕಂತೆ.

ಹೆಂಡತಿ ಅಷ್ಟರಲ್ಲಿ ಗುಡ್ಡದ ಆಚೆ ಬದಿಯ ಸಣ್ಣ ದಂಡೆಗೆ ಇಳಿದು ನೀರಿನಲ್ಲಿ ನಿಂತಿದ್ದಳು. ಮೊಣಕಾಲ ಮಟ. ನಾನು ಮೇಲಿನಿಂದ ನೋಡುತ್ತಿದ್ದೆ. ತೆರೆ ಬಂದು ನೀರು ಮೊಣಕಾಲಿನ ಮೇಲೆ ಏರಿದರೆ ಅವಳು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ತೆರೆ ಹೋದರೆ ಎರಡು ಹೆಜ್ಜೆ ಮುಂದೆ. ಮತ್ತೆ ತೆರೆ, ಮತ್ತೆ ಹಿಂದೆ. ಯಾರೂ ಅಳತೆ ಹಿಡಿದು ನಿಂತಿರಲಿಲ್ಲ; ನಾನು ನೋಡುತ್ತಿದ್ದೇನೆ ಎಂದೂ ಅವಳಿಗೆ ಗೊತ್ತಿರಲಿಲ್ಲ. ಗಂಡನ ಜೀವವನ್ನು ಮೊಣಕಾಲಿನ ಗೆರೆಯ ಮೇಲಿಟ್ಟುಕೊಂಡು ಹಿಂದೆ ಮುಂದೆ ನಡೆಯುತ್ತಿದ್ದಳು. ಆಣೆ ಬಿಟ್ಟೆ ಎಂದು ಕೂಗಿ ಹೇಳಲು ಅದೇ ಒಳ್ಳೆಯ ಸಮಯವಾಗಿತ್ತು. ಅಷ್ಟರಲ್ಲಿ ಇನ್ನೊಂದು ದೊಡ್ಡ ತೆರೆ ಬಂತು, ಧೈರ್ಯ ಅದರ ಜೊತೆ ಹೋಯಿತು.

ಹತ್ತರ ಸುಮಾರಿಗೆ ರೊಟ್ಟಿ ಗಂಟು ಬಿಚ್ಚೋಣವೆಂದು ದೋಣಿ ಇದ್ದಲ್ಲಿಗೆ ಬಂದೆವು. ಮೊದಲು ಮಾತಾಡಿದವಳು ಅಕ್ಕ.

"ಲೇ ತಮ್ಮಾ, ಸಮುದ್ರ ಎಲ್ಲಿ ಹೋತು?"

ಸಮುದ್ರ ಮೂವತ್ತು ಮಾರು ಆಚೆ ಹೋಗಿತ್ತು. ನಾವು ಬಿಟ್ಟು ಹೋದ ಜಾಗದಲ್ಲಿ ಹಾಸುಬಂಡೆ, ಹಸಿರು ಪಾಚಿ, ಅಡ್ಡಡ್ಡ ಓಡುವ ಏಡಿಗಳು. ನಡುವೆ ನಮ್ಮ ದೋಣಿ, ದಣಿದ ಎಮ್ಮೆಯ ಹಾಗೆ ಒಂದು ಮಗ್ಗುಲಿಗೆ ಮಲಗಿತ್ತು. ಲಂಗರು ಅದರ ಪಕ್ಕದಲ್ಲೇ ಒಣಬಂಡೆಯ ಮೇಲೆ ನಾಲ್ಕೂ ಮುಳ್ಳು ಚಾಚಿಕೊಂಡು ಬಿದ್ದಿತ್ತು. ನನ್ನ ಗಂಟು ಮಾತ್ರ ಒಂದು ಕೂದಲೆಳೆಯೂ ಸಡಿಲಾಗಿರಲಿಲ್ಲ.

ಮೂವರೂ ಸೇರಿ ನೂಕಿದೆವು. ಅಲುಗಲಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ, ಗುಡ್ಡದ ಆಚೆ ದೋಣಿಯವನ ಅಕ್ಕನ ಮನೆ ಯಾವುದೆಂದು ಕೇಳಿಕೊಂಡೂ ಇರಲಿಲ್ಲ. ಹೋದ ನೀರು ಬಂದೇ ಬರುತ್ತದೆ, ಕಾಯೋಣ ಎಂದು ಹೆಂಡತಿ ಅಂದಳು. ಬಾರದಿದ್ದರೆ ಎಂದು ನಾನು ಅಂದೆ. ಅಕ್ಕ ನೆರಳಿನಲ್ಲಿ ಕೂತು, ಸಣ್ಣ ಚಾಕುವಿನಿಂದ ಉಳ್ಳಾಗಡ್ಡಿ ಸೀಳಿ, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟಳು. ಮನುಷ್ಯ ಸಮುದ್ರ ಕಳೆದುಕೊಂಡಾಗಲೂ ಹಸಿವಾಗುತ್ತದೆ. ನಾನು ಮೂರು ರೊಟ್ಟಿ ತಿಂದೆ.

ಮಧ್ಯಾಹ್ನ ದಾಟುತ್ತಲೇ ನೀರು ತಿರುಗಿ ಬರತೊಡಗಿತು. ನನಗೆ ಆದ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ನೀರಿನ ಜೊತೆ ಗಾಳಿಯೂ ಎದ್ದಿತು, ತೆರೆಗಳು ಬೆಳೆದವು. ದೋಣಿಯ ಹೊಟ್ಟೆಯ ಕೆಳಗೆ ನೀರು ಹೊಕ್ಕು ಅರ್ಧ ಎತ್ತುವುದು, ಬಿಡುವುದು. ಬಿಟ್ಟಾಗ ಬಂಡೆಗೆ ಬಡಿದು ದಬ್ ಅನ್ನುವುದು. ನನ್ನ ಗಂಟು ಅದನ್ನು ಬಂಡೆಗೇ ಬಿಗಿದು ಹಿಡಿದಿತ್ತು. ಬಿಚ್ಚಲು ಹೋದೆ. ಬಿಚ್ಚುವುದನ್ನು ನಾನು ಎಂದೂ ಕಲಿತವನಲ್ಲ. ಬೋರಿನಿಂದ ಮೋಟಾರ್ ಮೇಲೆ ಬಂದ ಮೇಲೆ ಹಗ್ಗ ಕಡಿದೇ ಬಿಸಾಡುತ್ತೇವೆ.

ಅಷ್ಟರಲ್ಲಿ ದೋಣಿಯವನು ಗುಡ್ಡದಿಂದ ಓಡುತ್ತ ಇಳಿದ. ಮೈಯೆಲ್ಲ ಹೆಂಚಿನ ಕೆಂಪು ಧೂಳು. ಒಂದು ಸಲ ದೋಣಿ ನೋಡಿದ, ಒಂದು ಸಲ ಬಂಡೆ ನೋಡಿದ.

"ಇದು ಯಾರು ಕಟ್ಟಿದ್ದು?"

ನಾನೇ ಎಂದೆ. ಅವನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಗಂಟಿನ ಮೇಲೆ ಬೆರಳು ಆಡಿಸಿ ನೋಡಿ, ಕತ್ತಿ ಇದೆಯಾ ಎಂದು ಕೇಳಿದ. ಅಕ್ಕ ಉಳ್ಳಾಗಡ್ಡಿಯ ಚಾಕು ಕೊಟ್ಟಳು. ಇಪ್ಪತ್ತೈದು ವರ್ಷದ ನನ್ನ ಕಸುಬನ್ನು ಅವನು ಆ ಚಾಕುವಿನಿಂದ ಗೀಸಿ ಗೀಸಿ ಕಡಿದ. ದೋಣಿಯ ಹಗ್ಗ ಬಿಡುಗಡೆಯಾಯಿತು, ಗಂಟು ಬಂಡೆಗೇ ಉಳಿಯಿತು.

ಆದರೆ ಕಟ್ಟು ಬಿಟ್ಟ ದೋಣಿಯನ್ನು ತೆರೆಗಳು ಇನ್ನಷ್ಟು ಒಳಗೆ ನೂಕಿದವು. ಅವನು ನೀರಿಗೆ ಹಾರಿ, ಬಂಡೆಗೂ ದೋಣಿಗೂ ನಡುವೆ ನಿಂತು, ಹೆಗಲು ಕೊಟ್ಟು ತಡೆದ. ನೀರು ಅವನ ಎದೆಗೆ ಬಂದಿತ್ತು. ದೋಣಿಯ ಯಂತ್ರವನ್ನು ನೀರಿಗೆ ಇಳಿಸಿದರೆ ಕಲ್ಲಿಗೆ ಬಡಿದು ಮುರಿಯುತ್ತದೆ, ತಾನು ಹೆಗಲು ತೆಗೆದರೆ ದೋಣಿ ಒಡೆಯುತ್ತದೆ. ಯಾರಾದರೂ ಲಂಗರನ್ನು ಹಾಸುಬಂಡೆ ದಾಟಿಸಿ ಆಚೆಯ ಮರಳಿಗೆ ಬಿಡಬೇಕು, ಆಗ ಅದರ ಹಗ್ಗ ಜಗ್ಗಿ ದೋಣಿಯನ್ನು ಆಳಕ್ಕೆ ಎಳೆದುಕೊಳ್ಳಬಹುದು. ಇಷ್ಟನ್ನು ಅವನು ಉಸಿರಿನ ನಡುನಡುವೆ ಹೇಳಿದ. ಆಮೇಲೆ ಕೇಳಿದ:

"ನಿಮ್ಮಲ್ಲಿ ಯಾರಿಗಾದ್ರೂ ಈಜು ಬರ್ತದಾ?"

"ಇಲ್ಲ" ಅಂದೆ ನಾನು. "ಐತಿ" ಅಂದಳು ಅಕ್ಕ. ಎರಡೂ ಒಟ್ಟಿಗೇ ಬಂದವು.

ಹೆಂಡತಿ ನೀರಿನ ಅಂಚಿನಲ್ಲಿ ನಿಂತು ನನ್ನ ಕಡೆ ನೋಡುತ್ತಿದ್ದಳು.

"ಆಣಿ ಹಾಕಿಸಿದಾವ್ರು ನೀವು" ಅಂದಳು. "ನೀವ ಬಿಡಬೇಕ್ರಿ."

ದೋಣಿ ಮತ್ತೊಮ್ಮೆ ದಬ್ ಅಂದಿತು. ಅದು ಒಬ್ಬ ಮನುಷ್ಯನ ಅನ್ನ. ನನ್ನ ಗಂಟಿನಿಂದ ಅದು ಅಲ್ಲಿಗೆ ಬಂದಿತ್ತು. ಆದರೂ ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದದ್ದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಲಂಗರದ ಮಟ್ಟಿಗೆ ಬಿಟ್ಟೀನಿ" ಅಂದೆ. "ಬಿಟ್ಟು ಹೊಳ್ಳಿ ಬರೂತನಕ ಅಷ್ಟ."

ಅಕ್ಕ ಹಣೆ ಬಡಿದುಕೊಂಡಳು. ಹೆಂಡತಿ ಅಷ್ಟಕ್ಕೇ ತಲೆಯಾಡಿಸಿ, ಕಣ್ಣಿನ ಚಾಳೀಸು ತೆಗೆದು ನನ್ನ ಕೈಗೆ ಕೊಟ್ಟಳು. ದೋಣಿಯವನು ಹೇಳಿಕೊಟ್ಟಂತೆ, ದೋಣಿಯಲ್ಲಿದ್ದ ಖಾಲಿ ಪ್ಲಾಸ್ಟಿಕ್ ಕ್ಯಾನಿನ ಕೆಳಗೆ ಲಂಗರನ್ನು ತೂಗುಹಾಕಿ, ಒಂದು ಎಳೆ ಜಗ್ಗಿದರೆ ಕಳಚುವ ಹಾಗೆ ಅವಳೇ ಗಂಟು ಹಾಕಿದಳು. ಅಂಥ ಗಂಟೂ ಇರುತ್ತದೆ ಎಂದು ನಾನು ಅವತ್ತು ನೋಡಿದೆ. ಜಾಕೆಟ್ ಹಾಕಿಕೊಳ್ಳಲೇಬೇಕೆಂದೆ, ಹಾಕಿಕೊಂಡಳು. ಲಂಗರಿನ ಹಗ್ಗ ನನ್ನ ಕೈಗೆ ಕೊಟ್ಟು, ನಾನು ಹೋದ ಹಾಗೆ ಬಿಡುತ್ತಿರಿ ಅಂದಳು.

ಕ್ಯಾನನ್ನು ಮುಂದೆ ನೂಕಿಕೊಂಡು ಅವಳು ಹೊರಟಳು. ಐವತ್ತರ ಹತ್ತಿರದ ಹೆಂಗಸು, ಮಂಡಿ ನೋವೆಂದು ಮನೆಯ ಮೆಟ್ಟಿಲು ನಿಧಾನ ಹತ್ತುವವಳು, ನೀರು ಸೊಂಟ ಮುಟ್ಟುತ್ತಲೇ ಬೇರೆಯವಳೇ ಆದಳು. ತೆರೆ ಬಂದರೆ ತಲೆ ತಗ್ಗಿಸಿ ಕೆಳಗಿನಿಂದ ನುಸುಳುವಳು, ಆಚೆ ಏಳುವಳು. ಹತ್ತು ಮಾರು ಹೋಗಿದ್ದಳೋ ಇಲ್ಲವೋ, ನಿಂತುಬಿಟ್ಟಳು. ಮುಂದೆ ಹೋಗಲಾಗುತ್ತಿಲ್ಲ. ದಣಿದಳು, ಇನ್ನೇನು ಮುಳುಗಿದಳು ಎಂದುಕೊಂಡೆ. ಅವಳು ತಿರುಗಿ ಕೂಗಿದಳು.

"ಹಗ್ಗ ಬಿಡ್ರಿ."

ನೋಡಿಕೊಂಡೆ. ಹಗ್ಗ ನನ್ನ ಮುಷ್ಟಿಯಲ್ಲಿತ್ತು, ಎರಡು ಸುತ್ತು ಸುತ್ತಿಕೊಂಡು. ಯಾವಾಗ ಸುತ್ತಿಕೊಂಡೆನೋ ನನಗೇ ಗೊತ್ತಿಲ್ಲ. ಅವಳನ್ನು ತಡೆದು ನಿಲ್ಲಿಸಿದವನು ನಾನೇ. ಬಿಚ್ಚಿ, ಅಂಗೈ ತೆರೆದೆ. ಹಗ್ಗ ಸರಸರ ಹರಿದು ಹೋಯಿತು, ಅವಳೂ ಹೋದಳು.

ಹಾಸುಬಂಡೆ ದಾಟಿ, ನೀರಿನ ಬಣ್ಣ ಬದಲಾಗುವ ಜಾಗದಲ್ಲಿ ಅವಳು ಎಳೆ ಜಗ್ಗಿದಳು. ಕ್ಯಾನು ಮೇಲಕ್ಕೆ ನೆಗೆಯಿತು, ಲಂಗರು ಕೆಳಗೆ ಹೋಯಿತು. ದೋಣಿಯವನು ಹಗ್ಗ ಹಿಡಿದು ಎಳೆದು ನೋಡಿದ, ಕಚ್ಚಿತ್ತು. ದೋಣಿ ಹತ್ತಿ, ಕೈಯ ಮೇಲೆ ಕೈ ಹಾಕಿ ಜಗ್ಗಿದ. ದೋಣಿಯ ಮೂಗು ತಿರುಗಿತು, ತಳ ಕಲ್ಲಿಗೆ ಕಡೆಯ ಸಲ ಒರೆಸಿತು, ದೋಣಿ ತೇಲಿತು. ಹೊಟ್ಟೆಯ ಮೇಲೆ ನಾಲ್ಕು ಬಿಳಿ ಗೀರು ಬಿದ್ದಿದ್ದವು, ಒಡೆದಿರಲಿಲ್ಲ. ಮಳೆಗಾಲದಲ್ಲಿ ದೋಣಿ ದಂಡೆಗೆ ಎಳೆದಾಗ ಹೇಗೂ ಬಣ್ಣ ಹಚ್ಚುವುದೇ ಇದೆ, ಚಿಂತೆ ಮಾಡಬೇಡಿ ಎಂದು ಅವನು ನನಗೆ ಹೇಳಿದ. ಚಿಂತೆ ಮಾಡಬೇಡಿ ಎಂದು ನನಗೆ ಹೇಳಿದವರು ಬಹಳ ಜನ ಇದ್ದಾರೆ. ಹೇಳುವ ಹಕ್ಕು ಇದ್ದವನು ಅವನೊಬ್ಬನೇ.

ಹೆಂಡತಿ ದೋಣಿಯ ಪಕ್ಕಕ್ಕೆ ಬಂದು ಒಂದು ಕೈಯಿಂದ ಅಂಚು ಹಿಡಿದಳು. ಇನ್ನೊಂದು ಕೈಯಿಂದ ಜಾಕೆಟಿನ ಪಟ್ಟಿ ಬಿಚ್ಚಿ, ಅದನ್ನು ದೋಣಿಯೊಳಗೆ ಹಾಕಿದಳು. ನಾನು ಬಂಡೆಯ ಮೇಲೆ, ಅವಳು ನೀರಿನಲ್ಲಿ.

"ಲಂಗರಿನ ಕೆಲಸ ಮುಗೀತ್ರಿ" ಅಂದಳು. "ನಂದು ಉಳದೈತಿ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಬಿಡು ಎಂಬ ಬೇಡಿಕೆಯೂ ಇರಲಿಲ್ಲ. ನಾನು ಬೇಡ ಅಂದಿದ್ದರೆ ಹತ್ತಿ ಬಂದು ಸೀರೆ ಉಟ್ಟುಕೊಳ್ಳುತ್ತಿದ್ದಳು, ಊರಿಗೆ ಹೋಗಿ ರೊಟ್ಟಿ ಬಡಿಯುತ್ತಿದ್ದಳು, ಮತ್ತೆ ಎಂದೂ ಕೇಳುತ್ತಿರಲಿಲ್ಲ. ಅದು ನನಗೆ ಖಾತ್ರಿ ಇತ್ತು. ನನ್ನನ್ನು ಹೆದರಿಸಿದ್ದು ಕಡೆಗೆ ಸಮುದ್ರವಲ್ಲ, ಈ ಖಾತ್ರಿಯೇ.

"ಆಣಿ ಬಿಟ್ಟೀನಿ" ಅಂದೆ. ಗಾಳಿಗೆ ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಗಟ್ಟಿಯಾಗಿ, "ಪೂರಾ ಬಿಟ್ಟೀನಿ, ಹೋಗು" ಅಂದೆ.

ಅವಳು ಒಮ್ಮೆ ನಕ್ಕಳು, ಅಂಚು ಬಿಟ್ಟಳು, ಮುಳುಗಿದಳು.

ನಾನು ಎಣಿಸಿದೆ. ತಿಕೋಟಾದ ಬಾವಿಯ ಮೇಲೆ ಎಷ್ಟಕ್ಕೆ ಒದರಿದ್ದೆನೋ ನೆನಪಿಲ್ಲ, ಹತ್ತು ಇರಬೇಕು. ಇಲ್ಲಿ ಹತ್ತಾಯಿತು, ಇಪ್ಪತ್ತಾಯಿತು. ಚಾಳೀಸನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಪ್ಪತ್ತಾರಕ್ಕೆ ಅವಳು ದೂರದಲ್ಲಿ ಎದ್ದಳು. ಕೂದಲು ಬಿಚ್ಚಿಹೋಗಿತ್ತು. ಬೆನ್ನಿನ ಮೇಲೆ ಮಲಗಿ, ಎರಡೂ ಕೈ ಚಾಚಿ, ಮುಖ ಆಕಾಶಕ್ಕೆ ಮಾಡಿ ಸುಮ್ಮನೆ ತೇಲಿದಳು. ತೆರೆ ಅವಳನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು. ಅವಳು ಹಿಂದೆ ಸರಿಯಲಿಲ್ಲ.

ಪಕ್ಕಕ್ಕೆ ಬಂದು ಕೂತ ಅಕ್ಕ, ಈ ಸಲ ಒದರಲಿಲ್ಲವಲ್ಲ ಎಂದು ಕೇಳಿದಳು. ಬಾಯಿ ಒಣಗಿತ್ತು ಎಂದೆ. ಅವಳು ಬಾಟಲಿಯ ಆ ಸಿಹಿ ನೀರನ್ನು ನನಗೆ ಕೊಟ್ಟಳು. ಬಬಲೇಶ್ವರದ ಪಾಲಿನ ಅರ್ಧ ನಾನೇ ಕುಡಿದೆ.

ದೋಣಿಯವನು ಹೊತ್ತಾಯಿತು ಎನ್ನಲಿಲ್ಲ. ಅವನಿಗೂ ಮನೆಯಿತ್ತು, ಅರ್ಧ ಹೊದಿಸಿದ ಹೆಂಚಿತ್ತು, ಗಾಳಿಯೂ ಇತ್ತು. ಆದರೂ ಬೀಡಿ ಹಚ್ಚಿಕೊಂಡು, ಅವಳ ಕಡೆ ನೋಡದೆ ಗುಡ್ಡದ ಕಡೆ ಮುಖ ಮಾಡಿ ಕೂತ. ಆ ಸಣ್ಣ ಮರ್ಯಾದೆಗೆ ನಾನು ಅವನಿಗೆ ಋಣಿ. ಅವಳು ಸ್ವಂತ ಮನಸ್ಸಿನಿಂದ ತಿರುಗಿ ಬಂದಾಗ ಬಿಸಿಲು ಹಳದಿಯಾಗಿತ್ತು. ಚಾಳೀಸು ಕೊಟ್ಟೆ, ನನ್ನ ಹಿಡಿತಕ್ಕೆ ಅದರ ಒಂದು ಕಾಲು ಸೊಟ್ಟಗಾಗಿತ್ತು. ಅದನ್ನೇ ಏರಿಸಿಕೊಂಡು ಅವಳು, "ಈ ನೀರು ಮನುಷ್ಯಾನ್ನ ಎತ್ತಿ ಹಿಡೀತೈತ್ರಿ" ಅಂದಳು. ಇಷ್ಟು ವರ್ಷ ಯಾಕೆ ಬಿಡಲಿಲ್ಲ ಎಂದು ಕೇಳಲಿಲ್ಲ. ದೋಣಿಯಲ್ಲಿಯೂ ಕೇಳಲಿಲ್ಲ, ಮನೆಗೆ ಬಂದ ಮೇಲೂ ಕೇಳಿಲ್ಲ. ಅವಳು ಉಳಿಸಿದ ದೋಣಿಗಿಂತ, ಪಾಲಿಸಿದ ಆಣೆಗಿಂತ, ನಾನು ದಿನಾ ನೆನೆಯುವುದು ಅವಳು ಕೇಳದೆ ಬಿಟ್ಟ ಆ ಒಂದು ಮಾತನ್ನು.

ದೋಣಿ ಹೊರಟಾಗ ಈ ಸಲ ಕಣ್ಣು ತೆರೆದಿದ್ದೆ. ಬಂಡೆಗೆ ನನ್ನ ಗಂಟು ಹಾಗೇ ಇತ್ತು. ನೀರು ಏರಿ ಅದನ್ನು ಮುಚ್ಚುವುದನ್ನು ನೋಡಿದೆ. ಬಿಳಿ ಹಕ್ಕಿಗಳೂ ನಿಜವಾಗಿಯೂ ಇದ್ದವು.

ಮರುದಿನ ವಿಜಯಪುರದ ಬಸ್ಸಿನಲ್ಲಿ ಹುಬ್ಬಳ್ಳಿ ದಾಟಿದ ಮೇಲೆ, ಅಂಗಡಿಯ ಬೀಗದ ಕೈಗಳ ಬಳೆಯಿಂದ ತಿಕೋಟಾದ ಬಾವಿಯ ಜಾಳಿಯದನ್ನು ಬಿಡಿಸಿದೆ. ಉಗುರು ಮುರಿಯಿತು, ಆದರೂ ಬಿಡಿಸಿದೆ. ಕಿಟಕಿಯ ಪಕ್ಕ ಕೂತಿದ್ದ ಹೆಂಡತಿಯ ಕೈಯಲ್ಲಿ ಇಟ್ಟೆ. ಯಾವುದರದ್ದೆಂದು ಅವಳು ಕೇಳಲಿಲ್ಲ, ನೋಡಿದ ಕೂಡಲೇ ತಿಳಿಯಿತು. ಸೀರೆಯ ಸೆರಗಿನ ತುದಿಯಲ್ಲಿಟ್ಟು ಒಂದು ಗಂಟು ಹಾಕಿಕೊಂಡು, ಮತ್ತೆ ಕಿಟಕಿಯ ಹೊರಗೆ ನೋಡತೊಡಗಿದಳು.

ಗಂಟು ಬಹಳ ಸಡಿಲಾಗಿತ್ತು. ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ವಿಜಯಪುರ ಬರುವವರೆಗೂ ಹೇಳಲಿಲ್ಲ.